ಬಾಬಾ ಕಾಣಿಸುತ್ತಿಲ್ಲ

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸುಮಾರು 48 ಕಿ.ಮೀ. ಫಾಸ್ಟ್ ಲೋಕಲ್ ಸಿಕ್ಕರೆ ಒಂದು ಗಂಟೆ ಚಿಲ್ಲರೆ. ಬೆಳಿಗ್ಗೆ ಎಂಟರ ಆಸುಪಾಸಿನಲ್ಲಿ ಈ ದಾರಿಯಲ್ಲಿ ಓಡಾಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಓಡಾಡದವರಿಗೆ ಎಷ್ಟು ಹೇಳಿದರೂ ಅಷ್ಟೇ. ಮೂವರು ಕೂರುವ ಸೀಟಿನ ತುದಿಯಲ್ಲಿ ಅರ್ಧ ತೊಡೆ ಊರಿ, ಕಾಲು ಹೊರಗೆ ಚಾಚಿ ಕೂರುವ ಜಾಗವೊಂದಿದೆ. ಅದಕ್ಕೆ ಇಲ್ಲಿ ‘ಚೌಥಿ ಸೀಟ್’ ಎನ್ನುತ್ತಾರೆ. ಗದಗದಿಂದ ಬಂದ ಮೇಲೆ ಎರಡು ವರ್ಷ ನನಗೆ ಅದೂ ಸಿಕ್ಕಿರಲಿಲ್ಲ.

ನಾನು ಮುಂಬೈಗೆ ಬಂದದ್ದು 2014ರಲ್ಲಿ. ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಸಹೋದ್ಯೋಗಿಗಳು ಒಳ್ಳೆಯವರೇ. ಆದರೆ ಆರು ಗಂಟೆಗೆ ಎಲ್ಲರೂ ತಂತಮ್ಮ ಗಾಡಿ ಹಿಡಿಯಲು ಓಡುವ ಊರಿನಲ್ಲಿ ‘ಬಾ, ಚಾ ಕುಡಿಯೋಣ’ ಎನ್ನಲು ಯಾರಿಗೂ ಪುರಸೊತ್ತಿಲ್ಲ. ಮುಂಬೈಯಲ್ಲಿ ಕನ್ನಡಕ್ಕೇನೂ ಕೊರತೆ ಇಲ್ಲ. 1926ರಿಂದ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘ ಇದೆ, ನಾಟಕ, ಯಕ್ಷಗಾನ ನಡೆಯುತ್ತವೆ, ಉಡುಪಿ ಹೋಟೆಲಿನ ಗಲ್ಲೆಯ ಹಿಂದೆ ನಮ್ಮವರೇ ಕೂತಿರುತ್ತಾರೆ. ನಾನೂ ಕೆಲವು ಭಾನುವಾರ ಮಾಟುಂಗಾಕ್ಕೆ ನಾಟಕ ನೋಡಲು ಹೋದೆ. ಕಿವಿ ತುಂಬ ಕನ್ನಡ ಕೇಳಿ ಖುಷಿಯಾಗುತ್ತಿತ್ತು. ಆದರೆ ವಾರದ ಆರು ದಿನ ಅದೇ ರೈಲಿನಲ್ಲಿ ನುಗ್ಗಾಡಿ, ಏಳನೇ ದಿನವೂ ಅದೇ ರೈಲು ಹತ್ತುವ ತ್ರಾಣ ನನಗಿರಲಿಲ್ಲ. ತಪ್ಪು ನನ್ನದೇ, ಸಂಘಗಳದ್ದಲ್ಲ. ಪ್ರೇಕ್ಷಕನಾಗಿ ಹೋಗಿ ಪ್ರೇಕ್ಷಕನಾಗಿಯೇ ಬರುತ್ತಿದ್ದೆ, ಕುರ್ಚಿ ಜೋಡಿಸಲು ಒಂದು ದಿನವೂ ಕೈ ಹಾಕಲಿಲ್ಲ.

ಆಮೇಲೆ ಕ್ಯಾಮೆರಾ ಬಂತು. ಬೋರಾ ಬಜಾರಿನ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡೆ. ಭಾನುವಾರ ಬೆಳಿಗ್ಗೆ ಫೋಟೋ ವಾಕ್ ಮಾಡುವ ಗುಂಪೊಂದು ಸಿಕ್ಕಿತು. ಸಸೂನ್ ಡಾಕ್, ಭುಲೇಶ್ವರ, ಬಾಣಗಂಗಾ, ಮಹಾಲಕ್ಷ್ಮಿಯ ಧೋಬಿಘಾಟ್. ಬೆಳಕು ನೋಡುವುದನ್ನು ಕಲಿತದ್ದು ಅಲ್ಲಿಯೇ, ಆ ಋಣ ನನಗಿದೆ. ಒಂದೇ ಒಂದು ಸಂಗತಿ ಮೊದಲ ದಿನದಿಂದ ಚುಚ್ಚುತ್ತಿತ್ತು. ಸಸೂನ್ ಡಾಕ್‌ನಲ್ಲಿ ಬೆಳಗಿನ ಜಾವ ಸಿಗಡಿ ಬಿಡಿಸುತ್ತಿದ್ದ ಕೋಳಿ ಹೆಂಗಸೊಬ್ಬಳು ನಮ್ಮ ಹತ್ತು ಕ್ಯಾಮೆರಾಗಳನ್ನು ನೋಡಿ ‘ಮೀನು ಕೊಳ್ಳೋದಿದ್ರೆ ನಿಲ್ಲಿ, ಇಲ್ಲಾಂದ್ರೆ ದಾರಿ ಬಿಡಿ’ ಎಂದು ಗದರಿದಳು. ನಾವು ನಕ್ಕೆವು, ಅವಳು ಗದರುವ ಫೋಟೋ ಕೂಡ ತೆಗೆದೆವು. ಸಂಜೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆ ಫೋಟೋಗೆ ಇಪ್ಪತ್ತು ಹೆಬ್ಬೆರಳು ಬಂದವು. ಅವಳಿಗೆ ಆ ಫೋಟೋ ಯಾರೂ ತೋರಿಸಲಿಲ್ಲ.

ಅವ್ವನಿಗೆ ಕೆಲವು ಚಿತ್ರ ಕಳಿಸುತ್ತಿದ್ದೆ. ಮಳೆಯಲ್ಲಿ ತೋಯ್ದ ಮರೀನ್ ಡ್ರೈವ್, ಸಂಜೆ ಬೆಳಕಿನ ವಿ.ಟಿ. ಸ್ಟೇಷನ್ನು. ಅವಳು ಫೋನ್ ಮಾಡಿ ಅನ್ನುತ್ತಿದ್ದಳು: ‘ಛಲೋ ಅದಾವು. ನೀ ಎಲ್ಲಿ ಅದೀ ಇದರಾಗ?’

ಭಜನೆಯವರ ಡಬ್ಬಿಗೆ ನಾನು ಹತ್ತಿದ್ದು 2016ರ ಮಳೆಗಾಲದಲ್ಲಿ, ತಳ್ಳಾಟದಲ್ಲಿ ಎಡಕ್ಕೆ ಹೋಗಬೇಕಾದವನು ಬಲಕ್ಕೆ ಬಿದ್ದು. ಮುಂಬೈ ಲೋಕಲ್‌ನ ಭಜನಾ ಮಂಡಳಿಗಳನ್ನು ನೋಡಿಲ್ಲದವರಿಗಾಗಿ ಎರಡು ಮಾತು. ದಿನವೂ ಒಂದೇ ಗಾಡಿ, ಒಂದೇ ಡಬ್ಬಿ, ಒಂದೇ ಮೂಲೆ. ಹತ್ತು ಹದಿನೈದು ಜನ. ಒಂದು ಢೋಲಕಿ, ಎರಡು ಮೂರು ಜೊತೆ ತಾಳ. ತುಕಾರಾಮರ ಅಭಂಗ, ಜ್ಞಾನೇಶ್ವರರ ಅಭಂಗ, ನಡುವೆ ಗಣಪತಿಯ ಆರತಿ. ಮುಂದಾಳಿಗೆ ಬುವಾ ಎನ್ನುತ್ತಾರೆ. ಢೋಲಕಿ ಇಲ್ಲದ ದಿನ ಡಬ್ಬಿಯ ತಗಡಿನ ಗೋಡೆಯೇ ಢೋಲಕಿ. ಎಷ್ಟೋ ಮಂಡಳಿಗಳು ದಶಕಗಳಿಂದ ನಡೆಯುತ್ತಿವೆ. ಹಾಡುವವರು ರಿಟೈರ್ ಆಗಿ ಹೊಸಬರು ಸೇರುತ್ತಾರೆ, ಗಾಡಿಯ ಸಮಯ ಐದು ನಿಮಿಷ ಆಚೀಚೆ ಆಗುತ್ತದೆ, ಮೂಲೆ ಮಾತ್ರ ಬದಲಾಗುವುದಿಲ್ಲ.

ನನಗೆ ಚೌಥಿ ಸೀಟ್ ಕೊಟ್ಟವರು ತಾಳದ ಕಾಕಾ. ಅವರ ಹೆಸರು ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು, ಇಲ್ಲಿ ಅದರ ಅಗತ್ಯವೂ ಇಲ್ಲ. ಮೂಲ್ಜಿ ಜೇಠಾ ಮಾರ್ಕೆಟ್‌ನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು, ಅರವತ್ತರ ಹತ್ತಿರ. ತಾಳವನ್ನು ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಾತು ಕಡಿಮೆ. ಅವತ್ತು ನನ್ನನ್ನು ನೋಡಿ ‘ಯೇ ರೇ’ ಎಂದು ನಾಲ್ಕು ಬೆರಳಿನಷ್ಟು ಸರಿದರು. ಅಷ್ಟೇ. ಮರುದಿನ ಅದೇ ಡಬ್ಬಿ ಹುಡುಕಿಕೊಂಡು ಹೋದೆ.

ಗದಗದವನು ಎಂದು ತಿಳಿದ ದಿನ ನನ್ನ ದರ್ಜೆ ಏರಿತು. ಬುವಾಗೆ ಭೀಮಸೇನ ಜೋಶಿ ಎಂದರೆ ದೇವರು. ಜೋಶಿಯವರ ಊರು ರೋಣ ಈಗ ನಮ್ಮ ಜಿಲ್ಲೆಯಲ್ಲಿದೆ ಎಂದಾಗ ಬುವಾ ನನ್ನ ಕೈ ಹಿಡಿದು ಕುಲುಕಿದರು, ನಾನೇ ಏನೋ ಸಾಧಿಸಿದ ಹಾಗೆ. ಗುರುವನ್ನು ಹುಡುಕಲು ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟು, ಟಿಕೆಟ್ ಇಲ್ಲದೆ ರೈಲು ಹತ್ತಿ ಹಾಡುತ್ತಾ ಹೋದ ಹುಡುಗನ ಕಥೆಯನ್ನು ಬುವಾ ನನಗೇ ಹೇಳಿದರು, ಅದೂ ಟಿಸಿ ಬಂದು ಎದುರು ನಿಂತಾಗ. ಇನ್ನೊಂದು ದಿನ ಅವರು ವಿವರಿಸಿದ ಸಂಗತಿ ನನಗೆ ನಿಜಕ್ಕೂ ಹೊಸದು. ಜ್ಞಾನೇಶ್ವರರು ತಮ್ಮ ಒಂದು ಅಭಂಗದಲ್ಲಿ ಪಂಢರಪುರದ ವಿಠಲನನ್ನು ‘ಕಾನಡಾ’ ಎಂದು, ಕರ್ನಾಟಕದವನೆಂದು ಕರೆದಿದ್ದಾರೆ. ನಾನು ಪುರಂದರದಾಸರ ಅಂಕಿತ ಹೇಳಿದೆ. ಪ್ರತಿ ಹಾಡಿನ ಕೊನೆಗೂ ವಿಠಲ ಬರುತ್ತಾನೆ ಎಂದೆ. ‘ಹಾಗಾದರೆ ನಾಳೆ ನಿನ್ನ ಪಾಳಿ’ ಎಂದರು ಬುವಾ. ಪಾಳಿ ಎಂಬ ಪದ ಅವರದ್ದೂ ಹೌದು, ನಮ್ಮದೂ ಹೌದು. ಹೀಗಾಗಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ನನಗೆ ಹಾಡಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಓಣಿಯ ಭಜನಾ ಮಂಡಳಿಯಲ್ಲಿ ಷರೀಫರ ತತ್ವಪದಗಳಿಗೆ ಧ್ವನಿ ಕೂಡಿಸಿದ್ದೇ ಬಂಡವಾಳ. ಮರುದಿನ ದಾಸರ ಪದವೊಂದನ್ನು ಹೇಗೋ ಎಳೆದೆ. ಎರಡನೇ ಸಾಲಿಗೆ ಶ್ರುತಿ ತಪ್ಪಿತು. ಕಾಕಾ ನನ್ನ ಕಡೆ ನೋಡದೆ, ತಾಳದ ಸದ್ದು ಒಂಚೂರು ಜೋರು ಮಾಡಿ ನನ್ನನ್ನು ಮುಚ್ಚಿಬಿಟ್ಟರು. ಆಗ ಫಾಸ್ಟ್ ಲೋಕಲ್‌ಗಳು ಪಾರ್ಸಿಕ್ ಗುಡ್ಡದ ಸುರಂಗದೊಳಗೆ ಹೋಗುತ್ತಿದ್ದವು. 1916ರಲ್ಲಿ ತೆರೆದ, ಕಿಲೋಮೀಟರಿಗೂ ಮಿಕ್ಕಿದ ಸುರಂಗ. ಒಳಗೆ ಹೊಕ್ಕ ಕೂಡಲೇ ಹಾಡು ನಾಲ್ಕು ಪಟ್ಟು ದೊಡ್ಡದಾಗಿ ನಮ್ಮ ಮೇಲೇ ಬೀಳುತ್ತಿತ್ತು. ಅದರಲ್ಲಿ ಯಾರ ಶ್ರುತಿ ತಪ್ಪಿದರೂ ಗೊತ್ತಾಗದು. 2022ರಲ್ಲಿ ಹೊಸ ಹಳಿ ಬಂದು ಲೋಕಲ್‌ಗಳ ದಾರಿ ಬದಲಾಯಿತು. ಗಾಡಿಗೆ ಅನುಕೂಲವಾಯಿತು, ನನ್ನಂಥ ಗಾಯಕರಿಗೆ ನಷ್ಟ.

ಎಲ್ಲರಿಗೂ ಈ ಹಾಡು ಇಷ್ಟ ಎಂದು ನಾನು ಹೇಳಲಾರೆ. ಒಮ್ಮೆ ಪರೀಕ್ಷೆಗೆ ಹೊರಟ ಹುಡುಗನೊಬ್ಬ ಪುಸ್ತಕ ಮುಚ್ಚಿ ‘ದಯವಿಟ್ಟು ನಿಲ್ಲಿಸ್ತೀರಾ’ ಎಂದ. ಇಬ್ಬರು ಗೊಣಗಿದರು. ಕಾಕಾ ತಾಳವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಎದ್ದು ತಮ್ಮ ಜಾಗ ಅವನಿಗೆ ಕೊಟ್ಟರು. ಅವತ್ತು ದಾದರ್‌ವರೆಗೆ ಹಾಡಿಲ್ಲ. ಹುಡುಗನದೇ ಸರಿ ಎಂದು ಈಗಲೂ ನನ್ನ ಅಭಿಪ್ರಾಯ. ತುಂಬಿದ ಡಬ್ಬಿಯಲ್ಲಿ ಭಕ್ತಿಗೂ ಒಂದು ವಾಲ್ಯೂಮ್ ಇರಬೇಕು.

ಇಂಥ ಜಾಗಕ್ಕೆ ಕ್ಯಾಮೆರಾ ಹಿಡಿದು ಹೋದರೆ ಏನಾಗಬೇಕೋ ಅದೇ ಆಯಿತು. ಕಿಟಕಿಯ ಸರಳುಗಳ ನಡುವಿನಿಂದ ಬೀಳುವ ಬೆಳಕು, ಮೇಲೆ ಒಟ್ಟಿಗೇ ತೂಗುವ ಹಿಡಿಕೆಗಳು, ಬೆವರಿನ ಹಣೆ, ಮಳೆಹನಿ. ಮಂಡಳಿಯವರು ಮೊದಲ ವಾರ ಕೂದಲು ಸರಿಮಾಡಿಕೊಂಡರು, ಆಮೇಲೆ ನನ್ನನ್ನು ಮರೆತರು. ಫೋಟೋ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇಲ್ಲ ಎಂದು ನಮ್ಮ ಭಾನುವಾರದ ಗುಂಪಿನಲ್ಲಿ ಎಲ್ಲರೂ ಹೊಟ್ಟೆಕಿಚ್ಚು ಪಟ್ಟರು. ಕಾಕಾ ಅವರ ಎರಡು ಕೈ, ತಾಳ, ತಾಳದ ಅಂಚಿಗೆ ಸಿಕ್ಕ ಬಿಸಿಲಿನ ಒಂದು ಗೆರೆ, ಈ ಚಿತ್ರಕ್ಕೆ ಗುಂಪಿನ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಅದಕ್ಕೆ ನಾನಿಟ್ಟ ಹೆಸರು ‘ನಾದ’. ಈಗ ನೆನೆದರೆ ನಾಚಿಕೆಯಾಗುತ್ತದೆ.

2020ರ ಮಾರ್ಚ್ 22ರ ರಾತ್ರಿ ಲೋಕಲ್‌ಗಳು ನಿಂತವು. ಅಂಥದ್ದೊಂದು ಆಗಬಹುದೆಂದು ಈ ಊರಿನಲ್ಲಿ ಯಾರೂ ಎಣಿಸಿರಲಿಲ್ಲ. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ ಗಾಡಿ. ನಾವೆಲ್ಲ ಮನೆಯಲ್ಲಿ. ಮಂಡಳಿಯ ವಾಟ್ಸ್‌ಆ್ಯಪ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಯಾರಾದರೂ ಒಂದು ಅಭಂಗ ಹಾಡಿ ಹಾಕುತ್ತಿದ್ದರು. ಕಾಕಾಗೆ ಸ್ಮಾರ್ಟ್‌ಫೋನ್ ಇರಲಿಲ್ಲ. ಅವರು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಆ ಮಳೆಗಾಲದಲ್ಲಿ, ಮೂರು ದಿನ ತಡವಾಗಿ. ಯಾರೂ ಹೋಗುವ ಹಾಗಿರಲಿಲ್ಲ.

ಅವರ ಮಗಳು ಬುವಾನಿಂದ ನನ್ನ ನಂಬರ್ ತೆಗೆದುಕೊಂಡು ಫೋನ್ ಮಾಡಿದಳು. ಹದಿಮೂರನೇ ದಿನಕ್ಕೆ ಇಡಲು ಫೋಟೋ ಬೇಕಿತ್ತು. ಮನೆಯಲ್ಲಿ ಇದ್ದದ್ದು ಹಳೆಯ ಮದುವೆ ಫೋಟೋ ಮತ್ತು ಆಧಾರ್ ಕಾರ್ಡ್. ಆಧಾರ್ ಫೋಟೋ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ‘ಕ್ಯಾಮೆರಾ ಇಟ್ಟುಕೊಂಡ ಕಾನಡಿ ಒಬ್ಬ ದಿನಾ ನಮ್ಮ ಜೊತೆ ಬರ್ತಾನೆ ಅಂತ ಬಾಬಾ ಹೇಳ್ತಿದ್ದರು’ ಎಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ‘ಮನೆಯಲ್ಲಿ ಬಾಬಾ ಮಾತೇ ಆಡುತ್ತಿರಲಿಲ್ಲ. ಹಾಡುವಾಗ ಅವರ ಮುಖ ಹೇಗಿರುತ್ತಿತ್ತು ಅಂತ ನಾವು ಯಾರೂ ನೋಡಿಲ್ಲ.’

ಅರ್ಧ ಗಂಟೆಯಲ್ಲಿ ಕಳಿಸುತ್ತೇನೆ ಎಂದು ಹಾರ್ಡ್ ಡಿಸ್ಕ್ ತೆಗೆದೆ. ನಾಲ್ಕು ವರ್ಷದ ಚಿತ್ರಗಳು, ಸಾವಿರಕ್ಕೂ ಮೇಲೆ. ಕೈಗಳು. ತಾಳ. ಬೆನ್ನು. ನೆರಳು. ಕಿಟಕಿಗೆ ಎದುರಾಗಿ ಕಪ್ಪಾದ ತಲೆಗಳ ಸಾಲು. ಕಾಕಾ ಇರುವ ಚಿತ್ರ ಬೇಕಾದಷ್ಟು. ಕಾಕಾ ಮುಖ ಇರುವ ಚಿತ್ರ ಒಂದೂ ಇಲ್ಲ. ಒಂದರಲ್ಲಿ ಗಲ್ಲದವರೆಗೆ ಇದೆ, ಒಂದರಲ್ಲಿ ಮುಂದಿನವನ ಮೊಣಕೈ ಅಡ್ಡ ಬಂದಿದೆ, ಒಂದರಲ್ಲಿ ಬೇಕೆಂದೇ ಮಸುಕು ಮಾಡಿದ್ದೇನೆ. ಬಹುಮಾನ ಬಂದ ಚಿತ್ರದ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ಕಾಕಾ ಕಣ್ಣು ಮುಚ್ಚಿ ನಗುತ್ತಿದ್ದರು. ಅವರ ತಲೆಯ ಹಿಂದೆ ಕೊಕ್ಕೆಗೆ ಯಾರದೋ ನೀಲಿ ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಚೀಲ ಚಿತ್ರ ಕೆಡಿಸುತ್ತದೆ ಎಂದು ನಾನು ಕ್ಯಾಮೆರಾ ಕೆಳಗೆ ಇಳಿಸಿದೆ.

ಇದ್ದುದರಲ್ಲಿ ಆರು ಚಿತ್ರ ಆರಿಸಿ ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. ‘ಫೋಟೋ ಛಾನ್ ಆಹೇತ. ಪಣ ಬಾಬಾ ದಿಸತ ನಾಹೀತ.’ ಫೋಟೋ ಚೆನ್ನಾಗಿವೆ, ಆದರೆ ಬಾಬಾ ಕಾಣಿಸುತ್ತಿಲ್ಲ. ಆ ಹುಡುಗಿಯ ಮಾತಿನಲ್ಲಿ ಕೋಪ ಇರಲಿಲ್ಲ. ನಾನೇನೋ ತಪ್ಪು ಫೈಲ್ ಕಳಿಸಿರಬೇಕು ಎಂದುಕೊಂಡಿದ್ದಳು.

ಕೊನೆಗೆ ಫೋಟೋ ಸಿಕ್ಕಿದ್ದು ಮಂಡಳಿಗೆ ಆಗಾಗ ಬರುತ್ತಿದ್ದ ಕಾಲೇಜು ಹುಡುಗನ ಫೋನಿನಲ್ಲಿ. ದಸರೆಯ ಹೊತ್ತಿಗೆ ಲೋಕಲ್ ಡಬ್ಬಿಗಳಿಗೆ ಪ್ರಯಾಣಿಕರೇ ಚೆಂಡು ಹೂವಿನ ಮಾಲೆ ಕಟ್ಟಿ ಪೂಜೆ ಮಾಡುವುದು ಇಲ್ಲಿನ ಪದ್ಧತಿ. 2019ರ ದಸರೆಯ ಮುನ್ನಾದಿನ ಅವನು ತೆಗೆದ ಗ್ರೂಪ್ ಫೋಟೋ. ಬೆಳಕು ಕೆಟ್ಟದು, ಹೂಮಾಲೆ ಅಡ್ಡಡ್ಡ, ಅರ್ಧ ಜನರ ಕಣ್ಣು ಮುಚ್ಚಿದೆ. ನಟ್ಟ ನಡುವೆ ಕಾಕಾ, ಹೊಸ ಬಿಳಿ ಟೋಪಿ ಹಾಕಿಕೊಂಡು, ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ. ಬಲತುದಿಯಲ್ಲಿ ನಾನು. ನನ್ನ ಮುಖ ಕಾಣಿಸುವುದಿಲ್ಲ, ಎದುರಿಗೆ ಕ್ಯಾಮೆರಾ ಇದೆ. ಅದೇ ಫೋಟೋವನ್ನು ಕತ್ತರಿಸಿ, ದೊಡ್ಡದು ಮಾಡಿ ಅವರ ಮನೆಯಲ್ಲಿ ಹಾಕಿದ್ದಾರೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಸಿಗುವ ಸಲಹೆ ಒಂದೇ: ಒಂದು ಹವ್ಯಾಸ ಹಿಡಿ, ಒಂದು ಗುಂಪು ಸೇರು, ಒಂಟಿತನ ಹೋಗುತ್ತದೆ. ಪುಣೆ, ಹೈದರಾಬಾದ್, ದೆಹಲಿಯಲ್ಲಿರುವ ನನ್ನ ಗೆಳೆಯರೂ ಟ್ರೆಕ್ಕಿಂಗ್, ಗಿಟಾರ್, ಫೋಟೋಗ್ರಫಿ ಎಂದು ಒಂದಲ್ಲ ಒಂದಕ್ಕೆ ಸೇರಿದ್ದಾರೆ. ಸಲಹೆ ತಪ್ಪಲ್ಲ, ಅರ್ಧ. ನಾನು ಐದು ವರ್ಷ ಫೋಟೋ ತೆಗೆದದ್ದು ನನ್ನ ಜೊತೆ ಕೂತವರಿಗಾಗಿ ಆಗಿರಲಿಲ್ಲ. ಅವರನ್ನು ಎಂದೂ ನೋಡದ, ಮೊಬೈಲಿನಲ್ಲಿ ಹೆಬ್ಬೆರಳು ಒತ್ತುವ ಮಂದಿಗಾಗಿ ಆಗಿತ್ತು. ದಿನವೂ ನನ್ನ ಭುಜಕ್ಕೆ ಭುಜ ತಾಗಿಸಿ ಕೂತ ಮನುಷ್ಯ ನನಗೆ ಒಳ್ಳೆಯ ಫ್ರೇಮ್ ಆಗಿದ್ದರು. ಕಾಕಾ ಮಾತ್ರ ತಾಳ ಬಡಿದದ್ದು ಹಾಡುವವರಿಗಾಗಿಯೇ. ಅದಕ್ಕೇ ಅಲ್ಲವೇ ನನ್ನ ಅಪಶ್ರುತಿ ಕೇಳಿಸದ ಹಾಗೆ ಸದ್ದು ಏರಿಸಿದ್ದು!

ಕಲೆ ಎಂದರೆ ಪಾಸ್‌ಪೋರ್ಟ್ ಫೋಟೋ ಅಲ್ಲ ಎಂದು ನನ್ನ ಭಾನುವಾರದ ಗೆಳೆಯರು ವಾದಿಸುತ್ತಾರೆ. ಒಪ್ಪುತ್ತೇನೆ. ಕೈಗಳ ಚಿತ್ರ ಈಗಲೂ ಒಳ್ಳೆಯ ಚಿತ್ರವೇ. ಆದರೆ ನಮ್ಮೂರ ಮನೆಯ ಪಡಸಾಲೆಯಲ್ಲಿ ಅಜ್ಜನ ಕಾಲದ ಸ್ಟುಡಿಯೋ ಫೋಟೋ ಒಂದಿದೆ. ಹಿಂದೆ ಬಣ್ಣದಲ್ಲಿ ಬರೆದ ಕಂಬ, ಬಳ್ಳಿ. ಏಳು ಜನ ಕೋಲು ನುಂಗಿದ ಹಾಗೆ ನೇರ ಕೂತು ಎದುರು ನೋಡುತ್ತಿದ್ದಾರೆ. ಕ್ಯಾಮೆರಾ ಕೊಂಡ ಹೊಸದರಲ್ಲಿ ಊರಿಗೆ ಹೋದಾಗ ಅದನ್ನು ನೋಡಿ ನಕ್ಕಿದ್ದೆ, ‘ಕಂಪೋಸಿಷನ್’ ಬಗ್ಗೆ ಅವ್ವನಿಗೆ ಭಾಷಣ ಬಿಗಿದಿದ್ದೆ. ಏಳು ಜನರ ಏಳೂ ಮುಖ ಇವತ್ತಿಗೂ ಗುರುತು ಸಿಗುತ್ತವೆ. ಆ ಸ್ಟುಡಿಯೋದವನಿಗೆ ತನ್ನ ಗಿರಾಕಿ ಯಾರು ಎಂಬುದು ಸ್ಪಷ್ಟವಿತ್ತು.

2021ರ ಆಗಸ್ಟ್ 15ರಿಂದ ಎರಡು ಡೋಸ್ ಆದವರಿಗೆ ಗಾಡಿ ಹತ್ತಲು ಬಿಟ್ಟರು. ಮಂಡಳಿ ಮತ್ತೆ ಕೂಡಲು ಇನ್ನೂ ಕೆಲವು ವಾರ ಹಿಡಿಯಿತು. ಕೆಲವರ ಕಚೇರಿಯೇ ಮುಚ್ಚಿತ್ತು, ಕೆಲವರಿಗೆ ಮನೆಯಿಂದಲೇ ಕೆಲಸ. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಬಂದೆವು. ಬುವಾ ಮೊದಲ ದಿನ ಹಾಡಲಿಲ್ಲ, ಮಾಸ್ಕ್ ಹಾಕಿಕೊಂಡು ಹೇಗೆ ಹಾಡಲಿ ಎಂದು ನೆಪ ಹೇಳಿದರು. ಕಿಟಕಿಯ ಪಕ್ಕದ ಜಾಗ ಖಾಲಿ ಬಿಟ್ಟು ಕೂತೆವು. ಠಾಣೆಯಲ್ಲಿ ಯಾರೋ ಹತ್ತಿ ಅಲ್ಲಿ ಕೂತರು. ಅವರಿಗೇನು ಗೊತ್ತು, ಸರಿಯಾಗಿಯೇ ಕೂತರು.

ಈಗ ನಾನು ಸುಮ್ಮನೆ ಎದುರಿಗೆ ನಿಂತು ಮುಖದ ಫೋಟೋ ತೆಗೆಯುತ್ತೇನೆ. ಹಿಂದೆ ಪ್ಲಾಸ್ಟಿಕ್ ಚೀಲ ಇದ್ದರೆ ಇರಲಿ. ತಿಂಗಳಿಗೊಮ್ಮೆ ಡೊಂಬಿವಲಿ ಸ್ಟೇಷನ್ ಹತ್ತಿರದ ಲ್ಯಾಬಿನಲ್ಲಿ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟ್ ಹಾಕಿಸಿ, ಯಾರದು ಅವರಿಗೆ ಕೊಡುತ್ತೇನೆ. ಇದರಿಂದ ನನ್ನ ಕಲೆ ಎಲ್ಲಿಗೆ ಬಂದು ನಿಂತಿದೆ ಎಂದರೆ, ಒಬ್ಬರು ಬ್ಯಾಂಕಿನ ಕೆವೈಸಿಗೆ ಬೇಕು ಎನ್ನುತ್ತಾರೆ, ಇನ್ನೊಬ್ಬರು ಮಗನ ಮದುವೆಯ ಬಯೋಡೇಟಾಕ್ಕೆ. ಒಬ್ಬರು ತಮ್ಮ ಕಟ್ಟಡದ ಸೋರುವ ಗೋಡೆಯ ಫೋಟೋ ತೆಗೆದುಕೊಡಲು ಭಾನುವಾರ ಮನೆಗೆ ಕರೆದರು, ಸೊಸೈಟಿಯ ಸೆಕ್ರೆಟರಿಗೆ ತೋರಿಸಲು. ಗೋಡೆಯ ಫೋಟೋ ತೆಗೆದು, ಅವರ ಹೆಂಡತಿ ಮಾಡಿದ ಥಾಲಿಪೀಠ ತಿಂದು, ಮಗನ ಹತ್ತನೇ ಕ್ಲಾಸಿನ ಲೆಕ್ಕ ಬಿಡಿಸಿಕೊಟ್ಟು ಬಂದೆ. ಡೊಂಬಿವಲಿಯಲ್ಲಿ ನಾನು ಇನ್ನೊಬ್ಬರ ಮನೆಯೊಳಗೆ ಕೂತು ಉಂಡದ್ದು ಅದೇ ಮೊದಲು. ನಾನಿಲ್ಲಿಗೆ ಬಂದು ಆಗಲೇ ಏಳು ವರ್ಷ ಆಗಿತ್ತು.

ಕಾಕಾ ಅವರ ತಾಳ ಅವರ ಮನೆಯಲ್ಲಿಯೇ ಇದೆ. ಬುವಾ ಹೊಸ ಜೊತೆ ತಂದು ವಾರಕ್ಕೆರಡು ದಿನ ನನ್ನ ಕೈಗೆ ಕೊಡುತ್ತಾರೆ. ನಾನು ಈಗಲೂ ಲಯ ತಪ್ಪುತ್ತೇನೆ, ಢೋಲಕಿಯವನು ಕಣ್ಣು ಕೆಂಪಗೆ ಮಾಡುತ್ತಾನೆ. ತಾಳ ಹಿಡಿದ ದಿನ ಕ್ಯಾಮೆರಾ ಚೀಲದಲ್ಲೇ ಉಳಿಯುತ್ತದೆ.

ಹೋದ ತಿಂಗಳು ಅಂಥದೊಂದು ದಿನ ಬುವಾ ತಮ್ಮ ಫೋನಿನಲ್ಲಿ ನನ್ನ ಫೋಟೋ ತೆಗೆದರು. ಗಾಡಿ ಅಲುಗಾಡಿ ಮಸುಕಾಗಿದೆ, ಅವರ ಹೆಬ್ಬೆರಳು ಒಂದು ಮೂಲೆಯನ್ನು ನುಂಗಿದೆ. ಬಾಯಿ ತೆರೆದು ಹಾಡುತ್ತಿದ್ದೇನೆ, ಕೈಯಲ್ಲಿ ತಾಳ, ಪಕ್ಕದವರ ತಲೆ ನನ್ನ ಭುಜದ ಮೇಲೆ. ಅದನ್ನೇ ಗದಗಕ್ಕೆ ಕಳಿಸಿದೆ. ಅವ್ವ ರಾತ್ರಿ ಫೋನ್ ಮಾಡಿದಳು. ಹಾಡಿನ ಬಗ್ಗೆ ಏನೂ ಕೇಳಲಿಲ್ಲ.

‘ಎಷ್ಟ ಸೊರಗೀಯಲ್ಲೋ! ಬಾಜೂಕ ಕುಂತವರು ಯಾರು? ಅವರಿಗೆ ಹೇಳಿ ನಿನಗ ಬರೋಬ್ಬರಿ ಉಣ್ಣಾಕ ಹಚ್ಚಬೇಕ ನೋಡು.’